ಪದಚರ್ಚೆ: ಗೋಳಗಳ ‘ಪ್ಯಾಕ್ಡ್ ಬೆಡ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ಒತ್ತೊತ್ತಾಗಿ ತುಂಬಿದ ಗೋಳಗಳ ನಡುವೆ ಉಷ್ಣ ವಿಕಿರಣವನ್ನು ಅಳೆಯುವ, ಅದಕ್ಕೆ ಗಣಿತದ ಮಾದರಿ ಕಟ್ಟುವ ಬಗೆಗಿನ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆ ಅಚ್ಚಿಗೆ ಹೋಗಬೇಕು. ‘ಪ್ಯಾಕ್ಡ್ ಬೆಡ್’ಗೆ ‘ಗೋಳಹಾಸು’ ಎಂದೂ ‘ಎಫೆಕ್ಟಿವ್ ಕಂಡಕ್ಟಿವಿಟಿ’ಗೆ ‘ಪರಿಣಾಮಕಾರಿ ವಾಹಕತೆ’ ಎಂದೂ ಬರೆದಿದ್ದೇನೆ. ಇವು ನಿಲ್ಲುತ್ತವೆಯೇ?

ಉತ್ತರ: ‘ಗೋಳಹಾಸು’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೂ ಕನ್ನಡ ಪದಕ್ಕೂ ಹಾಕಿದ ಸಲ್ಲದ ಬೆಸುಗೆ, ನಿಲ್ಲುವುದಿಲ್ಲ. ‘ಹಾಸು’ ಬಂದದ್ದು ಹಳಗನ್ನಡದ ‘ಪಾಸು’ ಎಂಬ ಅಚ್ಚಗನ್ನಡ ಧಾತುವಿನಿಂದ, ಅದರ ಮುಂದೆ ‘ಗೋಳ’ ಎಂಬ ಸಂಸ್ಕೃತ ನಾಮಪದವೇಕೆ? ‘ಗುಂಡುಹಾಸು’ ಎನ್ನಿ. ‘ವಿಕಿರಣ’, ‘ವಾಹಕತೆ’ಗಳನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದರಿಂದಲೇ ನಮ್ಮ ವಿಜ್ಞಾನ ಬರವಣಿಗೆ ಓದುಗರಿಂದ ದೂರವಾಯಿತು.

ಮತ್ತೊಂದು ಉತ್ತರ: ಅರಿಸಮಾಸದ ಆಕ್ಷೇಪ ಇಲ್ಲಿ ಅಪ್ರಸ್ತುತ, ತೊಡಕಿರುವುದು ‘ಹಾಸು’ ಎಂಬುದರಲ್ಲೇ. ಕಲ್ಲುಹಾಸು ಒಂದೇ ಪದರದ್ದು. ಇಲ್ಲಿಯಾದರೋ ಪದರದ ಮೇಲೆ ಪದರವಿದ್ದು, ಒಂದೇ ಗಾತ್ರದ ಗೋಳಗಳನ್ನು ಮನಬಂದಂತೆ ಸುರಿದಾಗ ಸುಮಾರು ಶೇ. 36ರಿಂದ 40ರಷ್ಟು ಜಾಗ ಸಂದುಗಳಾಗಿ ಉಳಿಯುತ್ತದೆ, ಗೋಡೆಯ ಬಳಿ ಇನ್ನೂ ಹೆಚ್ಚು. ಒಂದು ಗೋಳ ಹೊಮ್ಮಿಸಿದ ವಿಕಿರಣ ಆ ಸಂದುಗಳಲ್ಲಿ ಹಾದು ನೆರೆಯ ಗೋಳವನ್ನಷ್ಟೇ ಅಲ್ಲ, ಅದರಾಚೆಯದನ್ನೂ ಮುಟ್ಟಬಲ್ಲದು. ಒಂದರ ಮೇಲೊಂದು ಪೇರಿಸಿದ ಮಡಕೆಗಳ ಸಾಲಿಗೆ ನಮ್ಮಲ್ಲಿ ‘ಅಡಕಲು’ ಎಂಬ ಪದವಿದೆ. ಪದರವೂ ಸಂದೂ ಅದರಲ್ಲೇ ಇವೆ. ‘ಗೋಳಗಳ ಅಡಕಲು’ ಎಂದರೆ ಷಷ್ಠಿ ಸಾಕು, ಸಮಾಸದ ಜಗಳವೇ ಇಲ್ಲ.

‘ಎಫೆಕ್ಟಿವ್ ಕಂಡಕ್ಟಿವಿಟಿ’ಗೆ ‘ಪರಿಣಾಮಕಾರಿ’ ತಪ್ಪು. ಅಡಕಲನ್ನು ಏಕರೂಪದ ಘನವಸ್ತುವೆಂದು ಭಾವಿಸಿ, ವಿಕಿರಣದಿಂದ ಸಾಗುವ ಉಷ್ಣವನ್ನೂ ವಹನವೆಂದೇ ಲೆಕ್ಕ ಹಿಡಿದಾಗ ಸಿಗುವ ಬೆಲೆ ಅದು. ಆದ್ದರಿಂದ ‘ತುಲ್ಯ ಉಷ್ಣವಾಹಕತೆ’ ಎನ್ನುವುದು ಸರಿ. ಅದರ ವಿಕಿರಣದ ಪಾಲು ಗೋಳದ ವ್ಯಾಸಕ್ಕೂ ನಿರಪೇಕ್ಷ ತಾಪಮಾನದ ಮೂರನೇ ಘಾತಕ್ಕೂ ಅನುಪಾತದಲ್ಲಿ ಬೆಳೆಯುತ್ತದೆ: ಉಳಿದದ್ದು ಬದಲಾಗದಿದ್ದರೆ 600 ಕೆಲ್ವಿನ್‌ನಿಂದ 1200ಕ್ಕೆ ಏರಿದಾಗ ಎಂಟು ಪಟ್ಟು. ಮೇಲ್ಮೈಯ ಉತ್ಸರ್ಜಕತೆಯೂ (ವಿಕಿರಣ ಹೊಮ್ಮಿಸುವ ಸಾಮರ್ಥ್ಯ) ಗೋಳದ ಸ್ವಂತ ವಾಹಕತೆಯೂ ಅದನ್ನು ತಿದ್ದುತ್ತವೆ.

ಇನ್ನೊಂದು ಮಾತು. ‘ವಿಕಿರಣವನ್ನು ಅಳೆದರು’ ಎಂದು ಬರೆಯುವ ಮುನ್ನ ಮೂಲವನ್ನು ನೋಡಿಕೊಳ್ಳಿ. ನಿರ್ವಾತದಲ್ಲಿ ಒಂದು ಬದಿ ಕಾಯಿಸಿ ಇನ್ನೊಂದು ಬದಿ ತಂಪಾಗಿಟ್ಟಾಗ ಅನಿಲದ ಪಾಲು ಕಳೆಯುತ್ತದೆ, ಆದರೆ ಗೋಳಗಳು ಪರಸ್ಪರ ತಾಗುವಲ್ಲಿನ ವಹನ ಉಳಿಯುತ್ತದೆ. ಅಳತೆಗೆ ಸಿಗುವುದು ಒಟ್ಟು ಉಷ್ಣ ಪ್ರವಾಹ, ವಿಕಿರಣವನ್ನು ಅದರಿಂದ ಬೇರ್ಪಡಿಸಬೇಕು. ‘ವಿಕಿರಣ’ ಶಾಲಾ ಪಠ್ಯಗಳಲ್ಲಿ ನೆಲೆಯೂರಿದ ಪದ. ಅಚ್ಚಿನ ಮುನ್ನಾದಿನ ಅದನ್ನು ಕೆದಕುವುದು ಅನುವಾದಕರಿಗೆ ನೆರವಲ್ಲ.

ಮೊದಲ ಉತ್ತರದವರಿಂದ: ‘ಅಡಕಲು’ ಒಪ್ಪಿದೆ. ‘ತುಲ್ಯ’ ಒಪ್ಪಿಲ್ಲ, ‘ಸಾಟಿ’ ಎಂಬ ಪದ ಬಳಕೆಯಲ್ಲಿರುವಾಗ ಎರವಲು ಬೇಕಿಲ್ಲ.