ಒದ್ದೆ ಹುಲ್ಲಿನ 600 ಮೀಟರ್ ರನ್‌ವೇ ಸಾಕೇ?

ಪ್ರಶ್ನೆ: ಇಂಗ್ಲೆಂಡಿನ ಹುಲ್ಲಿನ ರನ್‌ವೇ, ಬೆಳಿಗ್ಗೆಯಷ್ಟೇ ಮಳೆ ಬಿದ್ದಿದೆ. ಸೆಸ್ನಾ 172 ಎಂಬ ಸಣ್ಣ ವಿಮಾನದ ಕೈಪಿಡಿ ಪ್ರಕಾರ 50 ಅಡಿ ಎತ್ತರದಿಂದ ನಿಲ್ಲುವವರೆಗೆ 400 ಮೀಟರ್ ಬೇಕು. ಇಳಿಯಬಹುದೇ?

ಉತ್ತರ 1: ಇಳಿಯಬೇಡಿ. ಆ 400 ಮೀಟರ್ ಒಣಗಿದ ಗಟ್ಟಿ ರನ್‌ವೇಯ ಲೆಕ್ಕ. ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರದ ಸಲಹೆಯಂತೆ ಒದ್ದೆ ಹುಲ್ಲಿಗೆ 1.35, ಸುರಕ್ಷತೆಗೆ 1.43ರಿಂದ ಗುಣಿಸಿ: 772 ಮೀಟರ್ ಬೇಕು, 600 ಸಾಲದು. ಗಿಡ್ಡ ಹುಲ್ಲು ಒದ್ದೆಯಾದರೆ ಇನ್ನೂ ಜಾರುತ್ತದೆ.

ಉತ್ತರ 2: ವೇಗವನ್ನೂ ನೋಡಿ ಸರ್. ಇಳಿಯುವ ವೇಗ 10% ಹೆಚ್ಚಾದರೆ ದೂರ ಸುಮಾರು 21% ಬೆಳೆಯುತ್ತದೆ. ವಿಮಾನ ನೆಲ ಮುಟ್ಟದೆ ತೇಲುತ್ತದೆ. ಗಾಬರಿಯಲ್ಲಿ ವಿಮಾನದ ಮೂತಿಯನ್ನು ಕೆಳಕ್ಕೆ ಒತ್ತಿದರೆ ಮುಂದಿನ ಚಕ್ರದ ಕಾಲು ಮುರಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ.

ಪ್ರಶ್ನೆ ಕೇಳಿದವರು: ತೇಲಿದರೆ ಏನು ಮಾಡಬೇಕು?

ಉತ್ತರ 2: ತಕ್ಷಣ ಪೂರ್ತಿ ಥ್ರಾಟಲ್ (ಎಂಜಿನ್ ಶಕ್ತಿ), ಫ್ಲಾಪ್ (ರೆಕ್ಕೆಯ ಹಿಂಬದಿಯ ಬಾಗುವ ಪಟ್ಟಿ) 20 ಡಿಗ್ರಿಗೆ, ಮತ್ತೆ ಮೇಲೇಳಿ. ಚಕ್ರ ನೆಲ ಮುಟ್ಟಿ ಬ್ರೇಕ್ ಹಾಕಿದ ಮೇಲೆ ತಡವಾಯಿತು.