ಅಪ್‌ಡೇಟ್: ಡೀಸೆಲ್ ಪಿಕಪ್‌ಗೆ ಕೊನೆಗೂ ಆಯಿಲ್ ಹಾಕಿಸಿದೆ

ಭಾರ ಎಳೆಯೋ ಡೀಸೆಲ್ ಪಿಕಪ್‌ಗೆ 15ಡಬ್ಲ್ಯೂ-40 ದರ್ಜೆಯ ಇಂಜಿನ್ ಆಯಿಲ್ ಸಾಕಾ, 5ಡಬ್ಲ್ಯೂ-40 ಬೇಕಾ ಅಂತ ಇಲ್ಲಿ ಕೇಳಿದ್ದೆ. 5ಡಬ್ಲ್ಯೂ-40 ಹಾಕಿಸಿದೆ. ಮ್ಯಾನ್ಯುಯಲ್‌ನಲ್ಲಿ ಎರಡಕ್ಕೂ ಒಪ್ಪಿಗೆ ಇದೆ, 5 ಚಳಿಗೂ ಆಗುತ್ತೆ.

"15 ಅಂದ್ರೆ ದಪ್ಪ ಆಯಿಲ್, ಲೋಡಿಗೆ ಒಳ್ಳೇದು" ಅಂತ ಕೆಲವರು ಹೇಳಿದ್ರಿ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಇಂಜಿನ್ ಕಾದ ಮೇಲೆ ಲೆಕ್ಕಕ್ಕೆ ಬರೋದು ಕೊನೆಯ 40. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡರ ಸ್ನಿಗ್ಧತೆಯೂ, ಅಂದ್ರೆ ಆಯಿಲ್ ಎಷ್ಟು ದಪ್ಪ ಅನ್ನೋ ಅಳತೆ, 12.5ರಿಂದ 16.3 ಸೆಂಟಿಸ್ಟೋಕ್ಸ್ (ಅದರ ಮಾನ) ಒಳಗೇ ಇರಬೇಕು. ಡಬ್ಲ್ಯೂಗೆ ಮೊದಲಿನ ಅಂಕಿ ಚಳಿಯಲ್ಲಿ ಸ್ಟಾರ್ಟ್ ಮಾಡೋದಕ್ಕೆ ಸಂಬಂಧಿಸಿದ್ದು, ಅಷ್ಟೇ.

ನಿಜಕ್ಕೂ ತಲೆ ಕೆಡಿಸಿಕೊಳ್ಳಬೇಕಾದ್ದು ಡಬ್ಬದ ಹಿಂದಿನ ಸಣ್ಣಕ್ಷರ. ನನ್ನ ಗಾಡಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇದೆ, ಕಂಪನಿ ಕೇಳೋದು ಎಪಿಐ ಸಿಕೆ-4 ಅನ್ನೋ ಡೀಸೆಲ್ ಆಯಿಲ್ ದರ್ಜೆ. ಅಂಗಡಿಯಲ್ಲಿ ಅದರ ಪಕ್ಕದಲ್ಲೇ ಎಫ್‌ಎ-4 ಅನ್ನೋ ಬೇರೆ ದರ್ಜೆಯ ಡಬ್ಬ ಇತ್ತು. ಅದು ಬಿಸಿಯಲ್ಲಿ ಇನ್ನೂ ತೆಳು. ಕಂಪನಿ ಹೇಳದೆ ಹಾಕೋ ಹಾಗಿಲ್ಲ.

ಫಲಿತಾಂಶ? ಬೆಳಗಿನ ಸ್ಟಾರ್ಟ್ ಹಗುರಾಗಿದೆ, ಮೊದಲ ಗಳಿಗೆಯ ಟಕಟಕ ಸದ್ದು ಬೇಗ ಅಡಗುತ್ತೆ. ಲೋಡ್ ಹಾಕಿ ಏರು ಹತ್ತುವಾಗ ಆಯಿಲ್ ಪ್ರೆಶರ್ ಮೊದಲಿನಷ್ಟೇ. ಮೈಲೇಜ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಯಿಲ್ ಆಗಲೇ ಕಪ್ಪಾಗಿದೆ, ಡೀಸೆಲ್ ಮಸಿಗೆ ಅದು ಮಾಮೂಲು. ನಾನು ನೋಡ್ತಿರೋದು ಡಿಪ್‌ಸ್ಟಿಕ್‌ನಲ್ಲಿ (ಆಯಿಲ್ ಅಳೆಯೋ ಕಡ್ಡಿ) ಆಯಿಲ್ ಮಟ್ಟ ಏರುತ್ತಾ ಅಂತ. ಏರಿದ್ರೆ ಆಯಿಲ್‌ಗೆ ಡೀಸೆಲ್ ಬೆರೀತಿದೆ ಅಂತ ಅನುಮಾನ ಪಡಬೇಕು.