ಹುಳ ತಾನಾಗಿ ಬರಲಿಲ್ಲ, ನೀವೇ ಚೀಲದಲ್ಲಿ ತಂದಿರಿ

ಕೂತವರು ನಾಲ್ಕು ಜನ. ಉಗ್ರಾಣ ಕಾಯ್ದು ನಿವೃತ್ತರಾದ ರಂಗಣ್ಣ, ಮೆಸ್ ನಡೆಸುವ ಸಾವಿತ್ರಕ್ಕ, ರಾಗಿ-ತೊಗರಿ ಬೆಳೆಯುವ ಕೆಂಪಣ್ಣ, ಬೆಂಗಳೂರಿನ ಫ್ಲಾಟಿನ ಗಿರೀಶ. ಬೋಂಡಾ ಬಿಸಿಯಾಗಿದೆ, ಮಾತು ಅದಕ್ಕಿಂತ ಬಿಸಿ.

ಗಿರೀಶ: ಅಕ್ಕಿ ಡಬ್ಬಕ್ಕೆ ಒಂದು ಬೆಂಕಿಪೊಟ್ಟಣ ಹಾಕಿಟ್ರೆ ಹುಳ ಬರಲ್ವಂತೆ. ವಾಟ್ಸಾಪಲ್ಲಿ ಬಂದಿತ್ತು.

ರಂಗಣ್ಣ: ಬರುತ್ತೆ ಕಣಯ್ಯ. ಬಂದು ಬೀಡಿ ಹಚ್ಕೊಂಡು ಹೋಗುತ್ತೆ.

ಸಾವಿತ್ರಕ್ಕ: ಅವನನ್ನ ಆಡ್ಕೋಬೇಡಿ ರಂಗಣ್ಣ. ಒಣಮೆಣಸಿನಕಾಯಿ, ಲವಂಗ, ಬೇವಿನಸೊಪ್ಪು ಎಲ್ಲ ನಮ್ಮಜ್ಜಿ ಕಾಲದಿಂದ ಹಾಕ್ತಾನೇ ಇದ್ದಾರಲ್ಲ?

ರಂಗಣ್ಣ: ಹಾಕಿ, ಯಾರು ಬೇಡ ಅಂದ್ರು? ನೆರಳಲ್ಲಿ ಒಣಗಿಸಿದ ಬೇವಿನಸೊಪ್ಪಿನ ವಾಸನೆಗೆ ಹುಳ ಸ್ವಲ್ಪ ದೂರ ಸರಿಯುತ್ತೆ. ಆದ್ರೆ 25 ಕೆಜಿ ಚೀಲದ ಮೇಲೆ ನಾಲ್ಕು ಮೆಣಸಿನಕಾಯಿ ಇಟ್ರೆ ಮೇಲಿದ್ದದ್ದು ಕೆಳಕ್ಕಿಳಿಯುತ್ತೆ, ಅಷ್ಟೆ. ನೀವು ‘ಹೋಯ್ತು’ ಅಂತ ಖುಷಿಪಡ್ತೀರಿ. ಹಸಿ ಸೊಪ್ಪು ಹಾಕಿದ್ರಂತೂ ತೇವ ಕೊಟ್ಟು ಬೂಷ್ಟನ್ನೂ ಕರೆದ ಹಾಗೆ. ಅದೂ ಅಲ್ಲದೆ, ಕಾಳಿನ ಒಳಗೇ ಇರೋನಿಗೆ ಯಾವ ವಾಸನೆ ಏನು ಮಾಡುತ್ತೆ?

ಗಿರೀಶ: ಒಳಗೇ ಅಂದ್ರೆ?

ರಂಗಣ್ಣ: ಅಕ್ಕಿಹುಳದ ಮುಖ ನೋಡಿದೀಯಾ? ಮುಂದೆ ಒಂದು ಸೊಂಡಿಲಿರುತ್ತೆ. ಹೆಣ್ಣುಹುಳ ಆ ಸೊಂಡಿಲಲ್ಲಿ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಮೇಲೆ ಅಂಟು ಮೆತ್ತಿ ಬಿರಡೆ ಹಾಕಿಬಿಡುತ್ತೆ. ಹೊರಗಿಂದ ಕಾಳು ಥಳಥಳ ಅಂತ ಹಾಗೇ ಕಾಣುತ್ತೆ. ಮರಿ ಒಳಗೇ ಹುಟ್ಟಿ, ಒಳಗೇ ತಿಂದು, ಒಳಗೇ ಕೋಶ ಕಟ್ಟಿ, ಸೆಕೆಗಾಲದಲ್ಲಾದ್ರೆ ಹೆಚ್ಚುಕಮ್ಮಿ ಒಂದು ತಿಂಗಳಿಗೆ ಕಾಳು ಒಡ್ಕೊಂಡು ಆಚೆ ಬರುತ್ತೆ. ಒಂದೊಂದು ಹೆಣ್ಣು ಜೀವಮಾನದಲ್ಲಿ 300 ಮೊಟ್ಟೆವರೆಗೂ ಇಡುತ್ತೆ.

ಸಾವಿತ್ರಕ್ಕ: ಅದಕ್ಕೇ ಅಂಗಡಿಯವನ ಹತ್ರ ಜಗಳಕ್ಕೆ ಹೋದ್ರೆ ‘ಕೊಟ್ಟಾಗ ಚೆನ್ನಾಗಿತ್ತಲ್ಲಮ್ಮ’ ಅಂತಾನೆ.

ರಂಗಣ್ಣ: ಅವನು ಹೇಳೋದೂ ನಿಜ, ನಿಮ್ಮ ಜಗಳವೂ ನಿಜ. ಹುಳ ನಿಮ್ಮ ಮನೆಗೆ ನಡ್ಕೊಂಡು ಬಂದಿರೋದು ಅಪರೂಪ. ನೀವೇ ದುಡ್ಡು ಕೊಟ್ಟು ಹೊತ್ಕೊಂಡು ಬಂದಿದ್ದು.

ಕೆಂಪಣ್ಣ: ಮುಟ್ಟಿದ್ರೆ ಕಾಲು ಮಡಚ್ಕೊಂಡು ಸತ್ತಂಗೆ ಬೀಳ್ತದೆ ಕಳ್ಳ ನನ್ಮಗಂದು! ಮೊರದಿಂದ ಕೇರಿ ಬಿಸಾಕಿ ‘ಸತ್ತೋಗದೆ’ ಅಂತ ತಿರುಗಿದ್ರೆ ಎದ್ದು ಹೊಂಟಿರ್ತದೆ.

ಸಾವಿತ್ರಕ್ಕ: ರವೆಯಲ್ಲಿ ಓಡಾಡೋ ಕೆಂಪು ಹುಳಾನೂ ಇದೇನಾ?

ರಂಗಣ್ಣ: ಅಲ್ಲ, ಅದು ಹಿಟ್ಟಿನ ಹುಳ. ಅದಕ್ಕೆ ಗಟ್ಟಿ ಕಾಳು ಕಡಿಯೋ ತಾಕತ್ತಿಲ್ಲ. ನುಚ್ಚು, ರವೆ, ಹಿಟ್ಟು ಬೇಕು. ಅಕ್ಕಿಹುಳ ಕೊರೆದು ಪುಡಿ ಮಾಡಿಟ್ಟ ಮೇಲೆ ಹಿಂದಿನಿಂದ ಬಂದು ಪಂಕ್ತಿಗೆ ಕೂರೋ ಗಿರಾಕಿ. ಅದು ಜಾಸ್ತಿ ಆದ್ರೆ ಮೈಯಿಂದ ಬಿಡೋ ರಸಕ್ಕೆ ಹಿಟ್ಟು ನಸುಗೆಂಪಾಗಿ ಕಮಟು ನಾತ ಹೊಡೆಯುತ್ತೆ. ಆ ಹಿಟ್ಟನ್ನ ಜರಡಿ ಹಿಡಿದು ರೊಟ್ಟಿ ತಟ್ಟಬೇಡಿ, ಚೆಲ್ಲಿಬಿಡಿ. ಇನ್ನು ರವೆ, ನುಚ್ಚಿನಲ್ಲಿ ಎಳೆ ಎಳೆಯಾಗಿ ಬಲೆ ಕಟ್ಟಿ ಉಂಡೆ ಮಾಡೋದು ಚಿಟ್ಟೆಹುಳದ ಮರಿ. ರವೆ ತಂದ ದಿನವೇ ಹದವಾಗಿ ಹುರಿದು, ಪೂರ್ತಿ ಆರಿಸಿ, ಬಿಗಿ ಡಬ್ಬಕ್ಕೆ ಹಾಕಿದ್ರೆ ಇವೆರಡಕ್ಕೂ ಮಂಗಳಾರತಿ.

ಸಾವಿತ್ರಕ್ಕ: ಪೂರ್ತಿ ಆರಿಸಿ ಅನ್ನೋದನ್ನ ಅಡಿಗೆ ಗೆರೆ ಹಾಕ್ಕೋ ಗಿರೀಶ. ಬಿಸಿಬಿಸಿ ಮುಚ್ಚಿದ್ರೆ ಮುಚ್ಚಳ ಬೆವರುತ್ತೆ, ಆ ನೀರು ರವೆಗೇ ಇಳಿಯುತ್ತೆ.

ಗಿರೀಶ: ಅಕ್ಕಿಗೆ ಹುಳ ಬಿದ್ರೆ ಟೆರೇಸಲ್ಲಿ ಬಿಸಿಲಿಗೆ ಹಾಕ್ಬೇಕು ಅಂತಾರೆ. ಅದು ಸರಿ ತಾನೇ?

ರಂಗಣ್ಣ: ದೊಡ್ಡ ಹುಳ ಬಿಸಿಲು ತಾಳದೆ ಚಾಪೆ ಇಳಿದು ಗೋಡೆ ಪಕ್ಕ ನೆರಳಿಗೆ ಕೂರುತ್ತೆ. ಸಂಜೆ ನೀನು ಡಬ್ಬ ತಂದು ಅದರ ಪಕ್ಕದಲ್ಲೇ ಇಡ್ತೀಯ. ಒಳಗಿರೋ ಮರಿಗೆ ಏನೂ ಆಗಿರಲ್ಲ. ಮೇಲಾಗಿ ಪಾಲಿಶ್ ಮಾಡಿದ ಅಕ್ಕಿ ಉರಿಬಿಸಿಲಿಗೆ ಸೀಳು ಬಿಟ್ಟು ನುಚ್ಚಾಗುತ್ತೆ. ನುಚ್ಚು ಯಾರಿಗೆ ಊಟ ಅಂತ ಈಗಷ್ಟೇ ಹೇಳಿದೆ.

ಕೆಂಪಣ್ಣ: ಬಿಸಿಲು ಕಾಳಿಗೆ ಸರಿ. ಅದೂ ಸುಮ್ಕೆ ಹರಡೋದಲ್ಲ. ಕೆಳಗೆ ಒಣಹುಲ್ಲೋ ಗೋಣಿಯೋ ಹಾಕಿ, ನೆಲ ಕಾವು ಎಳ್ಕೊಬಾರದು ನೋಡು. ಅದರ ಮೇಲೆ ಕರಿ ಪ್ಲಾಸ್ಟಿಕ್. ಅದರ ಮೇಲೆ ಅವರೆನೋ ಅಲಸಂದೆನೋ 1ರಿಂದ 2 ಸೆಂಟಿಮೀಟರಿಗಿಂತ ದಪ್ಪ ಆಗದಂಗೆ ಹರಡು. ಮೇಲಕ್ಕೆ ಪಾರದರ್ಶಕ ಹಾಳೆ ಹೊದಿಸಿ, ನಾಕೂ ಅಂಚು ಮಡಚಿ ಕಲ್ಲು ಹೇರು. ಹನ್ನೊಂದು ಗಂಟೆಯಿಂದ ಮೂರರವರೆಗೆ ಬಿಡು. ಒಳಗೆ 57 ಡಿಗ್ರಿ ಒಂದು ಗಂಟೆ ನಿಂತ್ರೆ ಮೊಟ್ಟೆ, ಮರಿ, ಹುಳ ಎಲ್ಲ ಖಲಾಸ್.

ಗಿರೀಶ: ಕರಿ ಹಾಳೆ ಮೇಲೆ ಹಾಕಿದ್ರೆ ಇನ್ನೂ ಜಾಸ್ತಿ ಕಾಯಲ್ವಾ?

ಕೆಂಪಣ್ಣ: ಹಾಳೆ ಕಾಯ್ತದೆ, ಕಾಳು ಕಾಯಾಕಿಲ್ಲ. ಬೆಳಕು ಒಳಗೆ ಹೋಗಬೇಕು, ಕಾವು ಆಚೆ ಬರಬಾರದು. ಎಲ್ಲರೂ ಎಡವೋದು ಇಲ್ಲೇ. ಎರಡನೇದು, ಬೇಗ ಮುಗೀಲಿ ಅಂತ ನಾಕು ಬೆರಳು ದಪ್ಪ ಹಾಕಿದ್ರೆ ಮೇಲಿನ ಹುಳ ಸಾಯ್ತದೆ, ಅಡಿಯವು ಬೆಚ್ಚಗೆ ಮಲಗಿರ್ತವೆ.

ಗಿರೀಶ: ನಮ್ಮ ಫ್ಲಾಟಲ್ಲಿ ಬಿಸಿಲು ಬೆಳಿಗ್ಗೆ ಅರ್ಧ ಗಂಟೆ ಬಂದು ಮುಖ ತೋರಿಸಿ ಹೋಗುತ್ತೆ.

ರಂಗಣ್ಣ: ಹಾಗಾದ್ರೆ ಫ್ರೀಜರ್. ಕೆಳಗಿನ ಫ್ರಿಜ್ ಅಲ್ಲ, ಅಲ್ಲಿ ಹುಳ ಸಾಯಲ್ಲ, ಮುದುರಿ ಮಲಗುತ್ತೆ. ಮೈನಸ್ 18 ಡಿಗ್ರಿ ಇರೋ ಜಾಗ ಬೇಕು. ಕೆಜಿ ಎರಡು ಕೆಜಿ ಲೆಕ್ಕದಲ್ಲಿ ಬಿಗಿ ಕವರಿಗೆ ಹಾಕಿ ಒಂದು ವಾರ ಇಡು. ಐದು ಕೆಜಿ ಒಟ್ಟಿಗೆ ತುರುಕಿದ್ರೆ ನಡುಮಧ್ಯಕ್ಕೆ ಚಳಿ ತಲುಪೋದು ನಿಧಾನ. ಆಚೆ ತೆಗೆದ ಮೇಲೆ ಕವರು ಬಿಚ್ಚಬೇಡ, ಕೋಣೆಯ ಬಿಸಿಗೆ ಬರೋವರೆಗೂ ಕಾಯಿ. ಅವಸರಪಟ್ಟು ಬಿಚ್ಚಿದ್ರೆ ತಣ್ಣನೆ ಕಾಳಿನ ಮೇಲೆ ಗಾಳಿಯ ತೇವ ಕೂತು ಒದ್ದೆಯಾಗುತ್ತೆ. ಒದ್ದೆ ಕಾಳಿಗೆ ಹುಳದ ಬದಲು ಬೂಷ್ಟು.

ಸಾವಿತ್ರಕ್ಕ: ನನ್ನ ತಲೆನೋವು ತೊಗರಿ, ಹೆಸರು, ಅಲಸಂದೆ ಕಾಳು. ಕಾಳಿನ ಮೇಲೆ ಬಿಳಿ ಬಿಳಿ ಚುಕ್ಕೆ ಬರುತ್ತಲ್ಲ?

ಕೆಂಪಣ್ಣ: ಅದು ಚುಕ್ಕೆಯಲ್ಲಕ್ಕ, ಮೊಟ್ಟೆ. ಕಾಳು ದುಂಬಿ ಮೊಟ್ಟೆನ ಹೊರಗೇ ಅಂಟಿಸ್ತದೆ. ಹೊಲದಲ್ಲಿ ಕಾಯಿ ಇರುವಾಗ್ಲೇ ಶುರು. ದೊಡ್ಡ ದುಂಬಿ ಕಾಳು ತಿನ್ನಾಕೇ ಇಲ್ಲ, ಮೊಟ್ಟೆ ಇಡ್ತದೆ, ಒಂದೆರಡು ವಾರಕ್ಕೆ ಸಾಯ್ತದೆ. ತಿನ್ನೋದೆಲ್ಲ ಮರಿ.

ಸಾವಿತ್ರಕ್ಕ: ಬರೀ ಹೆರೋದಕ್ಕೆ ಬಂದದ್ದಾ ಪಾಪ!

ಕೆಂಪಣ್ಣ: ಪಾಪ ಅನ್ನಬ್ಯಾಡಿ, ಮೂಟೆ ಹಿಟ್ಟಾಗ್ತದೆ. ಒಂದು ಕೆಜಿ ಕಾಳಿಗೆ ಒಂದು ಟೀ ಚಮಚ, ಅಂದ್ರೆ 5 ಎಂಎಲ್ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಚೆನ್ನಾಗಿ ಉಜ್ಜಿ. ಒಂದೊಂದು ಕಾಳಿಗೂ ತಗಲಬೇಕು. ಮೊಟ್ಟೆಗೆ ಉಸಿರು ಕಟ್ಟುತ್ತೆ, ಹೊಸ ಮೊಟ್ಟೆ ಸರಿಯಾಗಿ ಅಂಟಾಕಿಲ್ಲ. ಮೊದಲೇ ಒಳಹೊಕ್ಕ ಮರಿಗೆ ಮಾತ್ರ ಎಣ್ಣೆ ನಾಟಾಕಿಲ್ಲ, ಅದಕ್ಕೇ ಒಕ್ಕಣೆ ಆಗಿ ಒಣಗಿದ ಕೂಡಲೇ ಹಚ್ಚಬೇಕು. ಬೇಳೆ ಒಡೆಸಿಬಿಟ್ರೆ ಈ ದುಂಬಿ ಕಾಟ ಇನ್ನೂ ಕಡಿಮೆ. ಕಾಳನ್ನೇ ಇಡೋದಾದ್ರೆ ಮೇಲೆ ಮೂರು ಬೆರಳು ಒಣಮರಳು ಹಾಸಿ, ದುಂಬಿ ಕೆಳಕ್ಕೆ ಇಳಿಯಾಕಿಲ್ಲ.

ಗಿರೀಶ: ಎಣ್ಣೆ ಎರಡು ಚಮಚ ಹಾಕಿದ್ರೆ ಡಬಲ್ ರಕ್ಷಣೆ?

ಸಾವಿತ್ರಕ್ಕ: ಡಬಲ್ ಜಿಡ್ಡು ಕಣೋ. ಆ ಸಾರು ತಿಂದೋರು ಬೆಳಿಗ್ಗೆ ನಿನ್ನನ್ನೇ ನೆನೆಸ್ಕೋತಾರೆ.

ಕೆಂಪಣ್ಣ: ನಮ್ಮ ರಾಗಿಗೆ ಇದ್ಯಾವ ಗೋಳೂ ಇಲ್ಲ. ಕಾಳೇ ಇಷ್ಟು ಸಣ್ಣದು, ಸೊಂಡಿಲ ಹುಳದ ಮರಿ ಒಳಗೆ ಹ್ಯಾಂಗೆ ಸಂಸಾರ ಹೂಡ್ತದೆ? ನೆಲದೊಳಗೆ ತೋಡಿದ ಕಣಜ, ಹಗೇವು ಅಂತೀವಲ್ಲ, ಅದರಲ್ಲಿ ವರ್ಷಗಟ್ಟಲೆ ಇಟ್ರೂ ಏನೂ ಆಗ್ತಿರಲಿಲ್ಲ.

ರಂಗಣ್ಣ: ಸಣ್ಣ ಕಾಳು ಅನ್ನೋದು ಅರ್ಧ ಕಾರಣ. ಇನ್ನರ್ಧ ಹಗೇವಿನ ಬಾಯಿ. ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಮೇಲೆ ಒಳಗಿನ ಉಸಿರಾಟಕ್ಕೇ ಆಮ್ಲಜನಕ ಕರಗಿ ಇಂಗಾಲದ ಡೈಆಕ್ಸೈಡ್ ತುಂಬ್ಕೊಳ್ಳುತ್ತೆ. ಹುಳ ಉಸಿರು ಕಟ್ಟಿ ಸಾಯುತ್ತೆ. ಮನುಷ್ಯರೂ ಸತ್ತಿದ್ದಾರೆ, ಅದನ್ನ ಮರೀಬೇಡ. ಬಾಯಿ ತೆಗೆದು ತುಂಬ ಹೊತ್ತು ಗಾಳಿಯಾಡಲು ಬಿಟ್ಟು, ಲಾಂದ್ರ ಇಳಿಬಿಟ್ಟು ನೋಡ್ತಿದ್ದರು. ದೀಪ ಆರಿದ್ರೆ ಯಾರೂ ಇಳೀಬಾರದು.

ಗಿರೀಶ: ಫ್ಲಾಟಲ್ಲಿ ಹಗೇವು ತೋಡಿದ್ರೆ ಕೆಳಗಿನ ಮನೆಯವರ ಹಾಲ್ ಬರುತ್ತೆ.

ರಂಗಣ್ಣ: ತೋಡಬೇಡ, ಅದೇ ಕೆಲಸ ಮಾಡೋ ಚೀಲ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಕ್ಯಾಮರೂನಿನ ಅಲಸಂದೆ ಬೆಳೆಗಾರರಿಗಾಗಿ ಮಾಡಿದ್ದು, ಪಿಕ್ಸ್ ಚೀಲ. ಒಳಗೆ ಎರಡು ದಪ್ಪ ಪಾಲಿಥೀನ್ ಪದರ, ಹೊರಗೆ ನೇಯ್ದ ಚೀಲ. ಒಣಗಿದ ಕಾಳು ತುಂಬಿ, ಗಾಳಿ ಒತ್ತಿ ತೆಗೆದು, ಒಂದೊಂದು ಪದರವನ್ನೂ ಬೇರೆ ಬೇರೆ ತಿರುಚಿ ಕಟ್ಟಬೇಕು. ಕಟ್ಟಿದ ಮೇಲೆ ದಿನಾ ಬಿಚ್ಚಿ ‘ಸತ್ತವಾ?’ ಅಂತ ಇಣುಕಬಾರದು. ಪ್ರತಿ ಸಲ ಬಿಚ್ಚಿದಾಗಲೂ ಹೊಸ ಗಾಳಿ ಕುಡಿಸಿ ಬದುಕಿಸ್ತೀಯ. ದಿನದ ಖರ್ಚಿಗೆ ಬೇರೆ ಸಣ್ಣ ಡಬ್ಬ ಇಟ್ಕೋ.

ಕೆಂಪಣ್ಣ: ಒಣಗಿರಬೇಕು ಅಂದ್ರಲ್ಲ, ಅದನ್ನ ಹ್ಯಾಂಗೆ ನೋಡ್ತಾನೆ ಇವನು? ನಾವು ಹಲ್ಲಲ್ಲಿ ಕಡಿದು ಕಟ್ ಅಂದ್ರೆ ಸೈ ಅಂತೀವಿ.

ರಂಗಣ್ಣ: ಲೆಕ್ಕಕ್ಕೆ ಭತ್ತ, ಗೋಧಿ, ಜೋಳದಲ್ಲಿ ತೇವ ನೂರಕ್ಕೆ 12ರ ಒಳಗೆ, ಬೇಳೆಕಾಳಲ್ಲಿ 9ರಿಂದ 10. ಮೀಟರ್ ಇಲ್ಲದವರಿಗೆ ಉಪ್ಪಿನ ಪರೀಕ್ಷೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಪುಡಿಯುಪ್ಪು ಹಾಕಿ ಚೆನ್ನಾಗಿ ಕುಲುಕಿ ಬಿಡು. ಹದಿನೈದು ನಿಮಿಷಕ್ಕೆ ಉಪ್ಪು ಗಾಜಿಗೆ ಅಂಟಿದ್ರೆ ತೇವ 15ಕ್ಕಿಂತ ಜಾಸ್ತಿ, ಮತ್ತೆ ಒಣಗಿಸು. ಅಂಟಲಿಲ್ಲ ಅಂದ್ರೆ 15ರ ಒಳಗಿದೆ ಅಂತ ಮಾತ್ರ ಗೊತ್ತಾಗುತ್ತೆ. ಆಮೇಲೆ ಕೆಂಪಣ್ಣನ ಹಲ್ಲು.

ಸಾವಿತ್ರಕ್ಕ: ಚೀಲಾನೂ ನೋಡ್ಬೇಕು ರಂಗಣ್ಣ. ಹಳೇ ಗೋಣಿಯ ಹೊಲಿಗೆಯಲ್ಲೇ ಹುಳ ಇರುತ್ತೆ. ಕುದಿಯೋ ನೀರಲ್ಲಿ 15 ನಿಮಿಷ ಮುಳುಗಿಸಿ ಒಣಗಿಸಬೇಕು. ಡಬ್ಬ ಖಾಲಿಯಾದಾಗ ಅಂಚಲ್ಲಿ, ಮುಚ್ಚಳದ ಸುತ್ತಿನಲ್ಲಿ ಕೂತ ಹಿಟ್ಟು ಉಜ್ಜಿ ತೊಳೆದು ಒಣಗಿಸಬೇಕು. ಹಳೇ ಅಕ್ಕಿ ಮೇಲೇ ಹೊಸದು ಸುರಿಯೋರಿಗೆ ಯಾವ ಲವಂಗವೂ ಆಗಿಬರಲ್ಲ.

ಗಿರೀಶ: ಇಷ್ಟೆಲ್ಲ ಯಾಕೆ, ಗೋಡೌನಿಗೆ ಹಾಕೋ ಮಾತ್ರೆ ಒಂದು ತಂದು...

ರಂಗಣ್ಣ: ಬಾಯಿ ಮುಚ್ಚು. ಇದರಲ್ಲಿ ತಮಾಷೆ ಇಲ್ಲ. ಅದು ಅಲ್ಯೂಮಿನಿಯಂ ಫಾಸ್ಫೈಡ್. 3 ಗ್ರಾಮಿನ ಒಂದು ಮಾತ್ರೆ ಗಾಳಿಯ ತೇವ ತಗಲಿ 1 ಗ್ರಾಂ ಫಾಸ್ಫೀನ್ ಅನಿಲ ಬಿಡುತ್ತೆ. ಉಗ್ರಾಣದಲ್ಲಿ ಹಾಳೆ ಹೊದಿಸಿ, ಅಂಚು ಬಿಗಿದು, ತರಬೇತಿ ಆದವರೇ ಮಾಡೋ ಕೆಲಸ. ಮನೆಯಲ್ಲಿ ಆ ಅನಿಲ ಬಾಗಿಲ ಸಂದಿಯಲ್ಲಿ ಮಲಗೋ ಕೋಣೆಗೆ ಬರುತ್ತೆ, ಮದ್ದು ಅಂತ ಒಂದಿಲ್ಲ. ಬೋರಿಕ್ ಪುಡಿಯೂ ಬೇಡ, ತೊಳೆದ್ರೆ ಎಲ್ಲ ಹೋಯ್ತು ಅನ್ನೋ ಭರವಸೆ ಇಲ್ಲ.

(ಒಂದು ಕ್ಷಣ ಬೋಂಡಾ ಕೂಡ ಸುಮ್ಮನಾಯಿತು.)

ಸಾವಿತ್ರಕ್ಕ: ಈಗಾಗಲೇ ಹುಳ ಬಿದ್ದ ಅಕ್ಕಿ ಏನು ಮಾಡ್ಲಿ?

ರಂಗಣ್ಣ: ಸ್ವಲ್ಪ ಇದ್ರೆ ಜರಡಿ ಹಿಡಿದು, ಫ್ರೀಜರಿನಲ್ಲಿ ಇಟ್ಟು, ಮೂರು ನಾಲ್ಕು ನೀರಲ್ಲಿ ತೊಳೆದು ಅನ್ನ ಮಾಡಿ, ಏನೂ ಆಗಲ್ಲ. ತೇಲೋ ಕಾಳೆಲ್ಲ ಟೊಳ್ಳು, ಬಸಿದು ಚೆಲ್ಲಿ. ಪುಡಿ ಜಾಸ್ತಿಯಾಗಿ ಮುಟ್ಟಿದ್ರೆ ಬೆಚ್ಚಗಿದ್ರೆ, ಗಡ್ಡೆ ಕಟ್ಟಿದ್ರೆ, ಒಳಗೆ ಬೂಷ್ಟು ಬಂದಿರಬಹುದು ಅಂತ ಅರ್ಥ. ಅದನ್ನ ಕೋಳಿಗೂ ಹಾಕಬೇಡಿ.

ಕೆಂಪಣ್ಣ: ಅಲ್ಲ ಗಿರೀಶ, ನೀವು ಮನೇಲಿ ಎಷ್ಟು ಜನ? ತಿಂಗಳಿಗೆ ಎಷ್ಟು ಅಕ್ಕಿ?

ಗಿರೀಶ: ಇಬ್ಬರೇ. ನಾಲ್ಕು ಕೆಜಿ ಸಾಕು. ಆದ್ರೆ 25 ಕೆಜಿ ಚೀಲ ತಗೊಂಡ್ರೆ ಕೆಜಿಗೆ ಎರಡು ರೂಪಾಯಿ ಉಳಿಯುತ್ತೆ.

ರಂಗಣ್ಣ: ಅಂದ್ರೆ ಆರು ತಿಂಗಳ ಅಕ್ಕಿ. ಹುಳಕ್ಕೆ ತಿಂಗಳಿಗೊಂದು ತಲೆಮಾರು. ಐವತ್ತು ರೂಪಾಯಿ ಉಳಿಸೋಕೆ ಆರು ತಲೆಮಾರಿಗೆ ಅನ್ನಸಂತರ್ಪಣೆ ಮಾಡ್ತಿದ್ದೀಯಲ್ಲೋ!

ಸಾವಿತ್ರಕ್ಕ: ದಕ್ಷಿಣೆನೂ ಕೊಟ್ಟು ಕಳಿಸ್ತಿದ್ದಾನೋ ಏನೋ, ಕೇಳಿ.